ಕೊಟ್ಟೂರು ಪರಿಸರದ ಸಮಯಾಂತರ: ಐತಿಹ್ಯ ಮತ್ತು ಶಾಸನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ಮಧ್ಯಕಾಲದಲ್ಲಿ ಕೋಗಳಿ-500 ಎಂಬ ಆಡಳಿತ ವಿಭಾಗ ಈ ಪರಿಸರದಲ್ಲಿತ್ತು. ಜೈನ, ಕಾಳಾಮುಖ ಹಾಗೂ ವೀರಶೈವ ಸಮಯಗಳು ಇಲ್ಲಿ ಬೇರೆ ಬೇರೆ ಕಾಲಗಳಲ್ಲಿ ಪ್ರಬಲವಾಗಿದ್ದವು. ಪ್ರಾಯಕ್ಕೆ ಬಂದವರು ಹಿರಿಯರ ಸಮಯವನ್ನು ಬಿಟ್ಟು ಮತ್ತೊಂದನ್ನು ಕೈಗೊಂಡುದನ್ನು ಜನಪದರ ನೆನಪು ಒಂದು ಬಗೆಯಾಗಿ ಹೇಳಿದರೆ, ಶಾಸನಗಳು ಮತ್ತೊಂದು ಬಗೆಯಾಗಿ ಸೂಚಿಸುತ್ತವೆ.

ಕೊಟ್ಟೂರಿನ ಮೂರುಕಲ್ಲು ಮಠದ ಐತಿಹ್ಯ ಪ್ರಸಿದ್ಧವಾದುದು. ಗುರು ಕೊಟ್ಟೂರು ಬಸಪ್ಪನು ಜೈನರನ್ನು ವಾದದಲ್ಲಿ ಸೋಲಿಸಿ, ಅವರನ್ನು ತನ್ನ ಮತಕ್ಕೆ ತಂದು, ಅವರ ಮುಖ್ಯ ದೇಗುಲದಲ್ಲಿ ಲಿಂಗವನ್ನು ಸ್ಥಾಪಿಸಿದನೆಂದು ಅದು ಹೇಳುತ್ತದೆ. ಡಬ್ಲ್ಯು. ಫ್ರಾನ್ಸಿಸ್ ಸಂಪಾದಿಸಿದ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಈ ಕಥೆಯನ್ನು ದಾಖಲಿಸಿದೆ. ವಾದ, ಗೆಲುವು, ಬಸದಿಯಲ್ಲಿ ಲಿಂಗಸ್ಥಾಪನೆ ಎಂಬ ಈ ಆಶಯಗಳು ಕೊಟ್ಟೂರಿಗಷ್ಟೇ ಸೀಮಿತವಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸು. 1200ರ ಶಾಸನದಲ್ಲಿ ಏಕಾಂತರಾಮಯ್ಯನು ತಲೆಯನ್ನೇ ಪಣವಾಗಿಟ್ಟು ಜೈನರನ್ನು ಗೆದ್ದು, ಬಿಜ್ಜಳನಿಂದ ಜಯಪತ್ರ ಪಡೆಯುತ್ತಾನೆ. ಆದುದರಿಂದ ಕೊಟ್ಟೂರಿನ ಕಥೆಯನ್ನು ಒಂದು ದಿನದ ಘಟನೆಯ ವರದಿಯೆಂದು ಓದುವುದಕ್ಕಿಂತ, ದೀರ್ಘ ಪರಿವರ್ತನೆಯೊಂದನ್ನು ಪರಿಚಿತ ಕಥನದ ಅಚ್ಚಿನಲ್ಲಿ ಹಿಡಿದಿಟ್ಟ ನೆನಪೆಂದು ಓದುವುದು ಸೂಕ್ತ.

ಶಾಸನಗಳು ಈ ಓದನ್ನು ಬೆಂಬಲಿಸುತ್ತವೆ. ಕೋಗಳಿಯ ಬಸದಿಯನ್ನು ಗಂಗ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. ಆಗ ಇಂದ್ರಕೀರ್ತಿಯು ಅದಕ್ಕೆ ದತ್ತಿ ಬಿಟ್ಟನು. ಹೊಯ್ಸಳ ರಾಮನಾಥನ ಕಾಲದಲ್ಲಿ, ಅಂದರೆ 1275-76ರ ಹೊತ್ತಿನಲ್ಲಿಯೂ ಅಲ್ಲಿಯ ಚೆನ್ನಪಾರ್ಶ್ವದೇವರಿಗೆ ದತ್ತಿಗಳು ಸಂದಿವೆ. ಬಸವಾದಿ ಶರಣರ ಕಾಲ ಕಳೆದು ಶತಮಾನವಾದ ಮೇಲೆಯೂ ಇಲ್ಲಿ ಜೈನಸಮಯ ಜೀವಂತವಾಗಿತ್ತೆಂಬುದು ಇದರಿಂದ ಸ್ಪಷ್ಟ.

ಶೈವರೊಳಗಿನ ಬದಲಾವಣೆಯ ಬಗೆ ಬೇರೆ. ತುಂಗಭದ್ರೆಯ ದಡದ ಕುರುವತ್ತಿಯ ಶಾಸನಗಳು ಕಾಳಾಮುಖರ ಶಕ್ತಿಪರ್ಷೆಯ ಗುರುಗಳನ್ನು ಹೆಸರಿಸುತ್ತವೆ. ಮುಂದೆ ಕಾಳಾಮುಖ ಮಠಗಳು ಹಲವೆಡೆ ವೀರಶೈವ ಮಠಗಳಾದುದನ್ನು ಎಸ್.ಸಿ. ನಂದೀಮಠ ಮೊದಲಾದ ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿ ದೇವರು ಬದಲಾಗಲಿಲ್ಲ; ಗುರು ಮತ್ತು ದೀಕ್ಷೆ ಬದಲಾದವು. ಆದರೂ ಶಿವನನ್ನು ಪೂಜಿಸುತ್ತಿದ್ದವನೂ ಇಷ್ಟಲಿಂಗ ಧರಿಸದ ಹೊರತು ವಚನಕಾರರ ದೃಷ್ಟಿಯಲ್ಲಿ ಭವಿಯೇ. ಕ್ರೈಸ್ತರ ಪದ್ಧತಿ ಇದಕ್ಕೆ ಹೋಲಿಸತಕ್ಕದ್ದು. ಪ್ರಾಟೆಸ್ಟಂಟರಾಗಿದ್ದವರು ಕಥೋಲಿಕ ಸಭೆಯನ್ನು ಸೇರುವಾಗ, ಮೊದಲಿನ ದೀಕ್ಷಾಸ್ನಾನವು ಕ್ರಮಬದ್ಧವಾಗಿದ್ದರೆ ಅದನ್ನು ಮತ್ತೆ ಮಾಡಿಸುವುದಿಲ್ಲ. ವಿಶ್ವಾಸವನ್ನು ಘೋಷಿಸಿದರೆ ಅವರನ್ನು ಸಭೆಗೆ ಸೇರಿಸಿಕೊಳ್ಳುತ್ತಾರೆ. ಹಳೆಯ ದೀಕ್ಷೆಯನ್ನು ಮಾನ್ಯಮಾಡುವುದೋ, ಹೊಸದನ್ನು ಕೊಡುವುದೋ ಎಂಬುದರಲ್ಲಿ ಆಯಾ ಸಮಯವು ತನ್ನ ಗಡಿಯನ್ನು ಎಲ್ಲಿ ಎಳೆಯುತ್ತದೆಂಬುದು ತಿಳಿಯುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗೆಜೆಟಿಯರ್ ದಾಖಲಿಸಿದ ಐತಿಹ್ಯದಲ್ಲಿ ಗೆದ್ದ ಗುರುವಿಗೆ ಹೆಸರಿದೆ. ಸಮಯ ಬದಲಿಸಿದ ಒಬ್ಬರಿಗೂ ಹೆಸರಿಲ್ಲ. ಅಂಥವರ ಮುಖವನ್ನು ಕಾಣಲು ಕಾವ್ಯಕ್ಕೆ ಹೋಗಬೇಕಾಗುತ್ತದೆ. ಪುಲಿಗೆರೆಯ ಆದಯ್ಯನ ಕಥೆಯಲ್ಲಿ ಜೈನ ಸೆಟ್ಟಿಯ ಮಗಳು ಪದ್ಮಾವತಿ ಆತನನ್ನು ಒಲಿದು ಶಿವದೀಕ್ಷೆ ಪಡೆಯುತ್ತಾಳೆ. ಅವಳನ್ನು ಬದಲಿಸಿದುದು ವಾದವಲ್ಲ, ಒಲವು. ಅದಕ್ಕಾಗಿ ಅವಳು ತವರಿನ ಸಮಯವನ್ನು ತೊರೆದಳು. ಇಂಥ ಮದುವೆ, ನಂಟು, ಗುರುಭಕ್ತಿಗಳ ಮೂಲಕ ಮನೆಮನೆಗಳಲ್ಲಿ ನಡೆದಿರಬಹುದಾದ ಬದಲಾವಣೆಯನ್ನು ಐತಿಹ್ಯವು ಒಂದೇ ವಾದಸಭೆಗೆ ಇಳಿಸಿಬಿಡುತ್ತದೆ.

ಮೂರುಕಲ್ಲು ಮಠದ ಕಥೆಯನ್ನು ಸೋಲು-ಗೆಲುವಿನ ದಾಖಲೆಯಾಗಿ ಬಳಸಿದರೆ ಹಳೆಯ ವೈರವನ್ನು ಮತ್ತೆ ಕೆದಕಿದಂತಾಗುತ್ತದೆ. ಕೋಗಳಿ, ಕುರುವತ್ತಿಗಳ ಶಾಸನಗಳೊಡನೆ ಇಟ್ಟು ನೋಡಿದರೆ, ಶತಮಾನಗಳ ಸಹಬಾಳ್ವೆಯ ನಡುವೆಯೇ ಈ ಸೀಮೆಯಲ್ಲಿ ಸಮಯಾಂತರ ನಡೆಯಿತೆಂಬುದು ಮನದಟ್ಟಾಗುತ್ತದೆ.