ಗಾಲ್ಫ್ ಆಟದ ಹತ್ತಿರದ ಕುಳಿ

ಗಾಲ್ಫ್ ಎಂಬ ಆಟವು ನಮ್ಮ ದೇಶಕ್ಕೆ ಹೊಸದಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಅದರ ಸಂಘಗಳು ಸ್ಥಾಪಿತವಾದುವು. ಆದರೂ ಶಿವಮೊಗ್ಗ, ಭದ್ರಾವತಿಗಳ ಕಡೆಯ ಬಹುಮಂದಿಗೆ ಇದು ಕೇಳಿದ ಆಟವೇ ಹೊರತು ಆಡಿದ ಆಟವಲ್ಲ. ಆದುದರಿಂದ ಮೊದಲು ಅದರ ಕ್ರಮವನ್ನು ಎರಡು ಮಾತಿನಲ್ಲಿ ಹೇಳುವುದು ಯುಕ್ತ.

ಪೂರ್ಣಪ್ರಮಾಣದ ಬಯಲಿನಲ್ಲಿ ಹದಿನೆಂಟು ಕುಳಿಗಳಿರುತ್ತವೆ. ಪ್ರತಿಯೊಂದಕ್ಕೂ ಹೊರಡುವ ತಾಣವೊಂದು, ಸೇರುವ ತಾಣವೊಂದು. ಸೇರುವ ತಾಣದಲ್ಲಿ ಹುಲ್ಲನ್ನು ಬಹಳ ನುಣ್ಣಗೆ ಕತ್ತರಿಸಿರುತ್ತಾರೆ. ಅದಕ್ಕೆ ಗ್ರೀನ್ ಎಂದು ಹೆಸರು. ಕುಳಿಯಿರುವುದು ಅದರ ಮೇಲೆ. ನುರಿತವನಿಗೆ ಇಷ್ಟು ಏಟು ಸಾಕೆಂದು ಗೊತ್ತುಮಾಡಿದ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. ದೂರದ ಕುಳಿಗಳಿಗೆ ನಾಲ್ಕು ಅಥವಾ ಐದು. ಹತ್ತಿರದ ಕುಳಿಗೆ ಮೂರು. ಅಂದರೆ ಮೊದಲ ಏಟಿಗೆ ಚೆಂಡು ಗ್ರೀನನ್ನು ಮುಟ್ಟಬೇಕು, ಮತ್ತೆರಡಕ್ಕೆ ಕುಳಿಯನ್ನು ಸೇರಬೇಕು.

ಹತ್ತಿರವಾದುದು ಸುಲಭವೂ ಆಗಿರಬೇಕಷ್ಟೆ? ಆಟದ ಚರಿತ್ರೆಯು ಹಾಗೆ ಹೇಳುವುದಿಲ್ಲ. ಈ ಆಟದ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಹಳೆಯ ಬಯಲಿನಲ್ಲಿ ಹದಿನೆಂಟರಲ್ಲಿ ಎರಡೇ ಹತ್ತಿರದ ಕುಳಿಗಳು. ಅವುಗಳಲ್ಲಿ ಹನ್ನೊಂದನೆಯದು ಪ್ರಸಿದ್ಧ. ಅದರ ಗ್ರೀನು ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿದಿದೆ. ಮುಂದುಗಡೆ ಎರಡು ಆಳವಾದ ಮರಳುಗುಂಡಿಗಳು, ಹಿಂದೆ ಈಡನ್ ನದಿಯ ಅಳಿವೆ. ಗುಂಡಿಗೆ ಹೆದರಿ ಬಲವಾಗಿ ಹೊಡೆದವನಿಗೆ ಮುಂದಿನ ಏಟನ್ನು ಇಳಿಜಾರಿನಲ್ಲಿ ಆಡಬೇಕಾಗುತ್ತದೆ. ಚೆಂಡು ನಿಲ್ಲುವುದೇ ಕಷ್ಟ. 1921ರಲ್ಲಿ ಅಮೆರಿಕದ ತರುಣ ಬಾಬಿ ಜೋನ್ಸ್ ಎಂಬಾತನು ಇಲ್ಲಿನ ಮರಳುಗುಂಡಿಗೆ ಸಿಕ್ಕಿ, ರೋಸಿಹೋಗಿ, ಪಂದ್ಯವನ್ನೇ ಬಿಟ್ಟನು. ಅದೇ ಜೋನ್ಸನು 1927ರಲ್ಲಿ ಅದೇ ಬಯಲಿನಲ್ಲಿ ಬ್ರಿಟಿಷ್ ಓಪನ್ ಪಂದ್ಯವನ್ನು ಗೆದ್ದನು.

ಇನ್ನೊಂದು ಕುಳಿಯ ಕಥೆಯು ಕೋಟೆಗಳನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ಬೇಗ ಮನದಟ್ಟಾದೀತು. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಎಂಬಲ್ಲಿ ಹದಿನೈದನೆಯ ಕುಳಿಗೆ ರೆಡಾನ್ ಎಂದು ಹೆಸರು. ರೆಡಾನ್ ಎಂದರೆ ಶತ್ರುವಿನ ಕಡೆಗೆ ಮೂಲೆಯಾಗಿ ಚಾಚಿದ ಕೋಟೆಯ ಭಾಗ. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ಟೊಪೋಲ್ ನಗರದ ರೆಡಾನಿನ ಮೇಲೆ ಇಂಗ್ಲಿಷ್ ಸೈನ್ಯವು 1855ರಲ್ಲಿ ಎರಡು ಬಾರಿ ನೇರವಾಗಿ ನುಗ್ಗಿ ಎರಡು ಬಾರಿಯೂ ಸೋತಿತು. ಆ ನೆನಪಿನಿಂದ ಕುಳಿಗೆ ಈ ಹೆಸರು ಬಂದಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿದವರು ಇದರ ಮರ್ಮವನ್ನು ಬಲ್ಲರು. ಬೆಟ್ಟದ ಮೈಯನ್ನೇ ಅನುಸರಿಸಿ ಕಟ್ಟಿದ ಮೂರು ಸುತ್ತಿನ ಗೋಡೆಗಳು, ಒಂದರ ಹಿಂದೊಂದು ಬಾಗಿಲುಗಳು. ಎದುರಿಗೆ ಕಾಣುವ ಗೋಡೆಯ ಕಡೆಗೆ ನೇರವಾಗಿ ನಡೆದರೆ ಒಳಗೆ ಸೇರುವಂತಿಲ್ಲ. ದಾರಿ ತಿರುಗಿದ ಕಡೆಗೆ ತಿರುಗಲೇಬೇಕು. ರೆಡಾನ್ ಕುಳಿಯೂ ಹಾಗೆಯೆ. ಅದು ಸುಮಾರು 190 ಗಜ ದೂರದಲ್ಲಿದೆ. ಗ್ರೀನು ಓರೆಯಾಗಿ ಮಲಗಿ, ಆಟಗಾರನಿಂದ ಆಚೆಗೆ ಎಡಕ್ಕೆ ಇಳಿಯುತ್ತದೆ. ಎಡಗಡೆಯ ಮುಂಭಾಗವನ್ನು ಆಳವಾದ ಮರಳುಗುಂಡಿಯೊಂದು ಕಾಯುತ್ತದೆ. ನೇರವಾಗಿ ಹೊಡೆದವನ ಚೆಂಡು ಗುಂಡಿಗೆ ಬೀಳುತ್ತದೆ, ಇಲ್ಲವೆ ಗ್ರೀನನ್ನು ದಾಟಿ ಹೋಗುತ್ತದೆ. ಬಲಗಡೆಯ ಏರಿನ ಮೇಲೆ ಬೀಳಿಸಿದವನ ಚೆಂಡನ್ನಾದರೋ ನೆಲವೇ ತಿರುಗಿಸಿ ಕುಳಿಯ ಬಳಿಗೆ ಉರುಳಿಸುತ್ತದೆ. ಅಮೆರಿಕದ ಚಾರ್ಲ್ಸ್ ಮ್ಯಾಕ್ಡೊನಾಲ್ಡ್ ಎಂಬ ಬಯಲುಶಿಲ್ಪಿಯು ನ್ಯೂಯಾರ್ಕ್ ಸಂಸ್ಥಾನದಲ್ಲಿ ತಾನು ನಿರ್ಮಿಸಿದ ಬಯಲಿಗೆ ಈ ಕುಳಿಯ ಮಾದರಿಯನ್ನೂ, ಮೇಲೆ ಹೇಳಿದ ಸೇಂಟ್ ಆಂಡ್ರೂಸಿನ ಕುಳಿಯ ಮಾದರಿಯನ್ನೂ ತೆಗೆದುಕೊಂಡನು. ಇಂದು ರೆಡಾನ್ ಎಂಬುದು ಒಂದು ಕುಳಿಯ ಹೆಸರು ಮಾತ್ರವಲ್ಲ, ಒಂದು ಜಾತಿಯ ಹೆಸರು.

ಎಲ್ಲಕ್ಕಿಂತ ಸೋಜಿಗದ ಕುಳಿಯು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಟ್ರೂನ್ ಎಂಬಲ್ಲಿದೆ. ಅಲ್ಲಿನ ಎಂಟನೆಯ ಕುಳಿಯ ದೂರ 123 ಗಜ ಮಾತ್ರ. ಗ್ರೀನು ಬಹಳ ಇಕ್ಕಟ್ಟಾದುದರಿಂದ ಅದಕ್ಕೆ ಅಂಚೆಚೀಟಿ ಎಂದು ಹೆಸರಾಯಿತು. ಸುತ್ತಲೂ ಐದು ಮರಳುಗುಂಡಿಗಳು. 1950ರ ಪಂದ್ಯದಲ್ಲಿ ಜರ್ಮನಿಯ ಹರ್ಮನ್ ಟಿಸಿಸ್ ಎಂಬಾತನು ಗುಂಡಿಯಿಂದ ಗುಂಡಿಗೆ ಬಿದ್ದು ಇಲ್ಲಿ ಹದಿನೈದು ಏಟುಗಳನ್ನು ವ್ಯಯಮಾಡಿದನು. 1973ರಲ್ಲಿ ಎಪ್ಪತ್ತೊಂದು ವರ್ಷದ ವೃದ್ಧ ಜೀನ್ ಸಾರಜೆನ್ನನು ಅದೇ ಕುಳಿಗೆ ಒಂದೇ ಏಟಿನಲ್ಲಿ ಚೆಂಡನ್ನು ಬೀಳಿಸಿದನು. ಮರುದಿನ ಅವನ ಚೆಂಡು ಮರಳಿಗೆ ಬಿದ್ದರೂ ಅಲ್ಲಿಂದಲೇ ಹೊಡೆದು ಎರಡೇಟಿನಲ್ಲಿ ಮುಗಿಸಿದನು.

ಉತ್ತಮವಾದ ಹತ್ತಿರದ ಕುಳಿಯ ಲಕ್ಷಣವು ಈ ಕಥೆಗಳಿಂದಲೇ ಹೊರಪಡುತ್ತದೆ. ದೂರದ ಕುಳಿಯಲ್ಲಿ ತೋಳ್ಬಲವುಳ್ಳವನಿಗೆ ಮೊದಲ ಏಟಿನಲ್ಲಿಯೇ ಮೇಲುಗೈ. ಹತ್ತಿರದ ಕುಳಿಯಲ್ಲಿ ಬಲಿಷ್ಠನೂ ವೃದ್ಧನೂ ಒಂದೇ ಗುರಿಗೆ ಒಂದೇ ಏಟನ್ನು ಹೊಡೆಯುತ್ತಾರೆ. ಅಲ್ಲಿ ಕೇಳುವುದು ಬಲವನ್ನಲ್ಲ, ವಿವೇಕವನ್ನು. ಆದರೆ ಈ ಸಮತೆಯು ತಾನಾಗಿ ಬರತಕ್ಕದ್ದಲ್ಲ. ಗ್ರೀನಿನ ಓರೆ, ನೆಲದ ಇಳಿಜಾರು, ಗಾಳಿಯ ದಿಕ್ಕು, ತಪ್ಪಿದವನಿಗೆ ತಕ್ಕ ಶಿಕ್ಷೆ, ಹುಷಾರಾಗಿ ಆಡುವವನಿಗೊಂದು ಸುರಕ್ಷಿತ ದಾರಿ, ಇವೆಲ್ಲವೂ ಹೊಂದಿದಾಗ ಮಾತ್ರ ಅದು ಲಭಿಸುತ್ತದೆ. ಸುತ್ತಲೂ ಗುಂಡಿಯನ್ನೇ ತೋಡಿ ದಾರಿಯನ್ನೇ ಇಡದ ಕುಳಿಯು ಕಠಿಣವಾದೀತು, ಉತ್ತಮವಾಗಲಾರದು.

ಇದು ಆಟಗಾರರಿಗೆ ಮಾತ್ರ ಸೇರಿದ ವಿಚಾರವಲ್ಲ. ಉಪಕರಣಗಳು ಸುಧಾರಿಸಿ, ಈಗಿನ ಬಲಿಷ್ಠರು ಚೆಂಡನ್ನು 300 ಗಜಕ್ಕೂ ಮೀರಿ ಹೊಡೆಯುತ್ತಾರೆ. ಅವರನ್ನು ತಡೆಯುವುದಕ್ಕಾಗಿ ದೊಡ್ಡ ಪಂದ್ಯದ ಬಯಲುಗಳು 7000 ಗಜವನ್ನು ದಾಟಿ ಬೆಳೆದಿವೆ. ಬಯಲು ಬೆಳೆದಷ್ಟೂ ಭೂಮಿ ಬೇಕು, ನೀರು ಬೇಕು. ಅಂಚೆಚೀಟಿಯಾದರೋ 2024ರ ಓಪನ್ ಪಂದ್ಯದಲ್ಲಿಯೂ ಬೆಳೆಯದೆ ಹತ್ತಿರದ ಕುಳಿಯಾಗಿಯೇ ಉಳಿದಿದ್ದಿತು; ಅದರ ಗೌರವ ಕುಗ್ಗಲಿಲ್ಲ. ಗದ್ದೆ ತೋಟಗಳಿಗೇ ನೆಲ ಸಾಲದ ಮಲೆನಾಡಿನಲ್ಲಿ ಯಾರಾದರೂ ಈ ಆಟಕ್ಕೆ ಬಯಲನ್ನು ಹೂಡುವುದಾದರೆ, ದೂರವನ್ನು ಅರಸದೆ ಹತ್ತಿರದ ಕುಳಿಗಳನ್ನೇ ಆಯುವುದು ಮೇಲು. ಗುಡ್ಡವನ್ನು ಕಡಿದು ಸಮಮಾಡಬೇಕಾದುದಿಲ್ಲ. ಕವಲೇದುರ್ಗವನ್ನು ಕಟ್ಟಿದವರು ಬೆಟ್ಟದ ಏರುತಗ್ಗುಗಳನ್ನು ಹೇಗೆ ತಮ್ಮ ಕಾರ್ಯಕ್ಕೆ ಒದಗಿಸಿಕೊಂಡರೋ ಹಾಗೆಯೇ ಈ ಆಟದ ಬಯಲನ್ನು ಕಟ್ಟುವವನಿಗೂ ನೆಲದ ಸಹಜವಾದ ಏರಿಳಿತವೇ ಮೊದಲ ಬಂಡವಾಳ.