ಆರಂಭಿಕ ಡಿಎಸ್‌ಎಲ್‌ಆರ್ ಕ್ಯಾಮೆರಾ: ಕೊಳ್ಳುವ ಮುನ್ನ ಮತ್ತು ಕೊಂಡ ನಂತರ

ಗುತ್ತೂರು (ಹರಿಹರ): ಮಗುವಿನ ನಾಮಕರಣಕ್ಕೋ, ಮನೆಯ ಮದುವೆಗೋ, ಪ್ರವಾಸಕ್ಕೋ ಎಂದು ಉತ್ಸಾಹದಿಂದ ಕೊಂಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೆಲವೇ ತಿಂಗಳುಗಳಲ್ಲಿ ಕಪಾಟು ಸೇರುವುದು ಹಲವು ಮನೆಗಳ ಕಥೆ. ಸಾವಿರಾರು ರೂಪಾಯಿ ವೆಚ್ಚ ಮಾಡಿದರೂ ಚಿತ್ರಗಳು ಮೊಬೈಲ್‌ನಲ್ಲಿ ತೆಗೆದವುಗಳಿಗಿಂತ ಉತ್ತಮವಾಗಿ ಬರಲಿಲ್ಲ ಎಂಬುದು ಸಾಮಾನ್ಯ ದೂರು. ಕ್ಯಾಮೆರಾದ ಮೇಲಿನ ಗುಂಡಿಯನ್ನು ಹಸಿರು ಬಣ್ಣದ 'ಆಟೋ' ಗುರುತಿನಿಂದ ಆಚೆಗೆ ಒಮ್ಮೆಯೂ ತಿರುಗಿಸದೇ ಇರುವುದು ಇದಕ್ಕೆ ಮುಖ್ಯ ಕಾರಣ. ಆಟೋ ವಿಧಾನದಲ್ಲಿ ಎಲ್ಲ ನಿರ್ಧಾರಗಳೂ ಯಂತ್ರದವೇ. ಆ ಕೆಲಸವನ್ನು ಇಂದಿನ ಮೊಬೈಲ್ ಹೆಚ್ಚು ಚುರುಕಾಗಿ ಮಾಡುತ್ತದೆ. ನಿರ್ಧಾರವನ್ನು ಬಳಕೆದಾರ ತನ್ನ ಕೈಗೆ ತೆಗೆದುಕೊಂಡಾಗ ಮಾತ್ರ ಡಿಎಸ್‌ಎಲ್‌ಆರ್‌ಗೆ ಕೊಟ್ಟ ಹಣ ಸಾರ್ಥಕವಾಗುತ್ತದೆ.

ಆರಂಭಿಕ ಹಂತದ ಡಿಎಸ್‌ಎಲ್‌ಆರ್ ಎಂದರೇನು, ಈಗ ಕೊಳ್ಳುವವರು ಏನನ್ನು ಪರೀಕ್ಷಿಸಬೇಕು, ಹೇಗೆ ಕಲಿಯಬೇಕು ಎಂಬುದರ ಸ್ಥೂಲ ಪರಿಚಯ ಇಲ್ಲಿದೆ. ತುಂಗಭದ್ರೆಯ ದಂಡೆಯ ಗುತ್ತೂರು, ಅದಕ್ಕೆ ಹೊಂದಿಕೊಂಡ ಹರಿಹರ ಮತ್ತು ಸಮೀಪದ ದಾವಣಗೆರೆಯನ್ನು ಅಭ್ಯಾಸದ ಅಂಗಳವಾಗಿ ಆರಿಸಿಕೊಳ್ಳಲಾಗಿದೆ. ಪಾಠಗಳು ಮಾತ್ರ ಯಾವ ಊರಿಗೂ ಅನ್ವಯಿಸುತ್ತವೆ.

ಏನಿದು ಡಿಎಸ್‌ಎಲ್‌ಆರ್?

ಲೆನ್ಸ್ ಮೂಲಕ ಒಳಬಂದ ಬೆಳಕನ್ನು ಓರೆಯಾಗಿ ನಿಲ್ಲಿಸಿದ ಕನ್ನಡಿಯೊಂದು ಮೇಲಕ್ಕೆ ಪ್ರತಿಫಲಿಸುತ್ತದೆ. ಛಾಯಾಗ್ರಾಹಕ ಕಿಂಡಿಯಲ್ಲಿ ನೋಡುವುದು ಈ ಬಿಂಬವನ್ನೇ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. 'ಟಕ್' ಎಂಬ ಪರಿಚಿತ ಸದ್ದು ಈ ಚಲನೆಯದ್ದು.

ಆರಂಭಿಕ ಮಾದರಿಗಳಲ್ಲಿ ಸಾಮಾನ್ಯವಾಗಿ ಎಪಿಎಸ್-ಸಿ ಅಳತೆಯ ಸೆನ್ಸರ್ ಇರುತ್ತದೆ. ನಿಕಾನ್‌ನಲ್ಲಿ ಇದು ಸುಮಾರು 23.5 x 15.6 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3 x 14.9 ಮಿ.ಮೀ. ಮೊಬೈಲ್ ಸೆನ್ಸರ್‌ಗಿಂತ ಇದು ಹಲವು ಪಟ್ಟು ದೊಡ್ಡದು. ಮಂದ ಬೆಳಕಿನಲ್ಲಿ ಸ್ಪಷ್ಟತೆ, ಹಿನ್ನೆಲೆಯನ್ನು ಸಹಜವಾಗಿ ಮಸುಕುಗೊಳಿಸುವ ಸಾಮರ್ಥ್ಯ ಹಾಗೂ ಲೆನ್ಸ್ ಬದಲಿಸುವ ಅವಕಾಶ ಈ ಕ್ಯಾಮೆರಾದ ಮೂರು ಮುಖ್ಯ ಅನುಕೂಲಗಳು.

ಹುಟ್ಟು, ಏಳಿಗೆ, ಇಳಿಕೆ

ಕೊಡಕ್ ಸಂಸ್ಥೆ 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾವನ್ನು ಆಧರಿಸಿ ತಯಾರಿಸಿದ ಡಿಸಿಎಸ್ ಎಂಬುದು ಮಾರುಕಟ್ಟೆಗೆ ಬಂದ ಮೊದಲ ಡಿಎಸ್‌ಎಲ್‌ಆರ್. ಅದರ ಸಾಮರ್ಥ್ಯ 1.3 ಮೆಗಾಪಿಕ್ಸೆಲ್, ಬೆಲೆ ಜನಸಾಮಾನ್ಯರಿಗೆ ನಿಲುಕದ್ದು. 2003ರಲ್ಲಿ ಕ್ಯಾನನ್ ಇಒಎಸ್ 300ಡಿ ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಬಂದಾಗ 'ಆರಂಭಿಕ ಡಿಎಸ್‌ಎಲ್‌ಆರ್' ಎಂಬ ವರ್ಗವೇ ರೂಪುಗೊಂಡಿತು. ನಂತರ ನಿಕಾನ್ ಡಿ70 (2004), ಡಿ40 (2006), ಡಿ3100 (2010) ಮೊದಲಾದವು ಬಂದವು.

ಈಗ ಆ ಅಲೆ ಇಳಿದಿದೆ. ಕನ್ನಡಿಯಿಲ್ಲದ 'ಮಿರರ್‌ಲೆಸ್' ಕ್ಯಾಮೆರಾಗಳತ್ತ ಕಂಪನಿಗಳು ಹೊರಳಿವೆ. ನಿಕಾನ್‌ನ ಆರಂಭಿಕ ಶ್ರೇಣಿ 2018ರ ಡಿ3500ನೊಂದಿಗೆ ಕೊನೆಗೊಂಡು, ಅದರ ಉತ್ಪಾದನೆಯೂ ನಿಂತಿದೆ. ಕ್ಯಾನನ್‌ನ 1500ಡಿ ಮತ್ತು 3000ಡಿ ಮಾದರಿಗಳು ಕೂಡ 2018ರವು. ಅಂದರೆ ಇಂದು ಡಿಎಸ್‌ಎಲ್‌ಆರ್ ಕೊಳ್ಳುವವನು ಮುಂದೆ ಬೆಳೆಯದ ಒಂದು ಶ್ರೇಣಿಗೆ ಹಣ ಹಾಕುತ್ತಾನೆ. ಇದರ ಇನ್ನೊಂದು ಮಗ್ಗುಲೂ ಇದೆ. ಮಿರರ್‌ಲೆಸ್‌ಗೆ ಬದಲಾದವರ ಸುಸ್ಥಿತಿಯ ಕ್ಯಾಮೆರಾಗಳೂ ಲೆನ್ಸ್‌ಗಳೂ ಬಳಸಿದ ಸಾಮಗ್ರಿಗಳ ಮಾರುಕಟ್ಟೆಗೆ ಬಂದಿವೆ. ಕಲಿಯುವುದಷ್ಟೇ ಗುರಿಯಾದರೆ ಇಷ್ಟು ಅಗ್ಗದ ಪಾಠಶಾಲೆ ಬೇರಿಲ್ಲ.

ಬಳಸಿದ ಕ್ಯಾಮೆರಾ: ಪರೀಕ್ಷೆ ಹೇಗೆ?

* ಶಟರ್ ಎಣಿಕೆ: ನಿಕಾನ್ ಡಿ3100, ಡಿ3300ರಂತಹ ಮಾದರಿಗಳ ಶಟರ್ ಅನ್ನು ಒಂದು ಲಕ್ಷ ಬಾರಿಯ ಬಳಕೆಗೆ ಪರೀಕ್ಷಿಸಲಾಗಿದೆ. ನಿಕಾನ್ ಚಿತ್ರದ ಕಡತದಲ್ಲಿಯೇ ಈ ಎಣಿಕೆ ದಾಖಲಾಗಿರುತ್ತದೆ. ಕ್ಯಾನನ್‌ನಲ್ಲಿ ಬಹುತೇಕ ಪ್ರತ್ಯೇಕ ತಂತ್ರಾಂಶ ಬೇಕಾಗುತ್ತದೆ.
* ಸೆನ್ಸರ್: ಅಪರ್ಚರ್ ಅನ್ನು ಎಫ್/16ಕ್ಕೆ ಇಟ್ಟು ಶುಭ್ರ ಆಕಾಶದ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಧೂಳು ಕೂತಿದೆ ಎಂದರ್ಥ. ಅದನ್ನು ಸ್ವಚ್ಛಗೊಳಿಸಬಹುದು. ಗೀರು ಇದ್ದರೆ ಬೇಡ.
* ಲೆನ್ಸ್: ಒಂದು ಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಅಂತಹ ಲೆನ್ಸ್ ಕೊಳ್ಳಬಾರದು.
* ಹೊಂದಾಣಿಕೆ: ನಿಕಾನ್ ಡಿ3000 ಮತ್ತು ಡಿ5000 ಶ್ರೇಣಿಗಳ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. 50 ಮಿ.ಮೀ. ಎಫ್/1.8ಡಿ ಯಂತಹ ಹಳೆಯ ಲೆನ್ಸ್ ಇವುಗಳಲ್ಲಿ ತಾನಾಗಿ ಫೋಕಸ್ ಆಗದು. ಎಎಫ್-ಪಿ ಎಂಬ ಹೊಸ ಲೆನ್ಸ್‌ಗಳು ಡಿ3100, ಡಿ3200 ಮಾದರಿಗಳಿಗೆ ಹೊಂದುವುದಿಲ್ಲ. ಕ್ಯಾನನ್‌ನ ಇಎಫ್ ಮತ್ತು ಇಎಫ್-ಎಸ್ ಲೆನ್ಸ್‌ಗಳು ಅದರ ಆರಂಭಿಕ ಡಿಎಸ್‌ಎಲ್‌ಆರ್‌ಗಳಿಗೆ ಹೊಂದುತ್ತವೆ. ಆರ್‌ಎಫ್ ಲೆನ್ಸ್‌ಗಳು ಹೊಂದವು.
* ಕಾಗದಪತ್ರ: ಮೂಲ ರಸೀದಿಯಲ್ಲಿರುವ ಕ್ರಮಸಂಖ್ಯೆ ಕ್ಯಾಮೆರಾದ ಮೇಲಿನದಕ್ಕೆ ತಾಳೆಯಾಗಬೇಕು. ಕದ್ದ ಮಾಲು ಕೊಳ್ಳುವ ಅಪಾಯದಿಂದ ಇದು ರಕ್ಷಿಸುತ್ತದೆ.

ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗಬೇಕಿಲ್ಲ. ಡಿ3100ರ 14 ಮೆಗಾಪಿಕ್ಸೆಲ್ ಕೂಡ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಧಾರಾಳವಾಗಿ ಸಾಕು. ಉಳಿದ ಹಣದಲ್ಲಿ 35 ಅಥವಾ 50 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳುವುದು ಜಾಣತನ. ಎಪಿಎಸ್-ಸಿ ಸೆನ್ಸರ್ ಮೇಲೆ 50 ಮಿ.ಮೀ. ಲೆನ್ಸ್ ಸುಮಾರು 75-80 ಮಿ.ಮೀ.ನಷ್ಟು ಹತ್ತಿರದ ನೋಟ ಕೊಡುತ್ತದೆ. ಆದ್ದರಿಂದ ಅದು ವ್ಯಕ್ತಿಚಿತ್ರಕ್ಕೆ ಒಪ್ಪುತ್ತದೆ. ಮನೆಯ ಸಾಮಾನ್ಯ ಬಳಕೆಗೆ 35 ಮಿ.ಮೀ. ಮೇಲು.

ಕಲಿಯಬೇಕಾದ ಮೂರು ಅಂಕಿಗಳು

ಅಪರ್ಚರ್: ಲೆನ್ಸ್‌ನೊಳಗಿನ ರಂಧ್ರದ ಅಳತೆ. ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಎಫ್/1.8ರಲ್ಲಿ ಹೆಚ್ಚು ಬೆಳಕು ಬಂದು ಹಿನ್ನೆಲೆ ಮಸುಕಾಗುತ್ತದೆ. ಎಫ್/11ರಲ್ಲಿ ಬೆಳಕು ಕಡಿಮೆಯಾಗಿ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗುತ್ತದೆ.

ಶಟರ್ ವೇಗ: ಬೆಳಕು ಒಳಬರುವ ಅವಧಿ. ಸೆಕೆಂಡಿನ ಸಾವಿರದಲ್ಲೊಂದು ಭಾಗ ಹಾರುವ ಹಕ್ಕಿಯನ್ನು ನಿಲ್ಲಿಸುತ್ತದೆ. ಕಾಲು ಸೆಕೆಂಡು ಹರಿಯುವ ನೀರನ್ನು ಹಾಲಿನ ನೊರೆಯಾಗಿಸುತ್ತದೆ.

ಐಎಸ್‌ಒ: ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎಂಬುದರ ಅಳತೆ. ಹೆಚ್ಚಿಸಿದಂತೆ ಚಿತ್ರದಲ್ಲಿ ಕಾಳುಕಾಳಾದ ಮಚ್ಚೆಗಳು ಎದ್ದು ಕಾಣುತ್ತವೆ.

ಮೂರೂ ತಕ್ಕಡಿಯಂತೆ ಒಂದಕ್ಕೊಂದು ತೂಗುತ್ತವೆ. ಪ್ರಖರ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇದ್ದರೆ ಶಟರ್ ವೇಗ ಐಎಸ್‌ಒ ಅಂಕಿಗೆ ಸಮೀಪವಿರಲಿ ಎಂಬುದು ಫಿಲ್ಮ್ ಕಾಲದ ಸೂತ್ರ. ಅಂದರೆ ಐಎಸ್‌ಒ 100ಕ್ಕೆ ಸುಮಾರು 1/125 ಸೆಕೆಂಡು. ಅಪರ್ಚರ್ ಅನ್ನು ಎಫ್/8ಕ್ಕೆ ತೆರೆದರೆ ಬೆಳಕು ನಾಲ್ಕು ಪಟ್ಟು ಹೆಚ್ಚುತ್ತದೆ; ಆಗ ಶಟರ್ 1/500 ಆಗಬೇಕು. ಈ ಲೆಕ್ಕ ಕೈಗೆ ಹತ್ತಿದರೆ ಅರ್ಧ ವಿದ್ಯೆ ಕಲಿತಂತೆ.

ಮೊದಲ ತಿಂಗಳು ನಿಕಾನ್‌ನಲ್ಲಿ 'ಎ', ಕ್ಯಾನನ್‌ನಲ್ಲಿ 'ಎವಿ' ವಿಧಾನದಲ್ಲಿ ಕೇವಲ ಅಪರ್ಚರ್ ಬದಲಿಸಿ ನೋಡಿ. ಎರಡನೆಯ ತಿಂಗಳು 'ಎಸ್' ಅಥವಾ 'ಟಿವಿ' ವಿಧಾನದಲ್ಲಿ ಶಟರ್ ವೇಗ. ಪೂರ್ಣ ಸ್ವಾಧೀನದ 'ಎಂ' ವಿಧಾನ ಆನಂತರ ತಾನಾಗಿ ಅರ್ಥವಾಗುತ್ತದೆ.

ಅಭ್ಯಾಸದ ಅಂಗಳ: ಗುತ್ತೂರಿನಿಂದ ದಾವಣಗೆರೆಗೆ

ನದಿ ದಂಡೆ: ಗುತ್ತೂರು, ಹರಿಹರ ಎರಡೂ ತುಂಗಭದ್ರೆಯ ಬಲದಂಡೆಯವು. ನದಿ ಊರಿನ ಪಶ್ಚಿಮಕ್ಕಿದೆ. ಆಚೆ ದಡ ಹಾವೇರಿ ಜಿಲ್ಲೆ. ಆದ್ದರಿಂದ ಬೆಳಗ್ಗೆ ಸೂರ್ಯ ಛಾಯಾಗ್ರಾಹಕನ ಬೆನ್ನಿಗಿದ್ದು ನೀರು, ದೋಣಿ, ಎದುರು ದಡ ಎಲ್ಲವೂ ಬಣ್ಣ ತುಂಬಿ ಕಾಣುತ್ತವೆ. ಸಂಜೆ ಸೂರ್ಯ ಎದುರಿಗೆ ಬರುವುದರಿಂದ ಅದೇ ದೋಣಿ ಕಪ್ಪು ನೆರಳುಚಿತ್ರವಾಗುತ್ತದೆ. ಒಂದೇ ಜಾಗದಲ್ಲಿ ಎರಡು ಹೊತ್ತು ನಿಂತು ತೆಗೆದ ಎರಡು ಚಿತ್ರಗಳು ಬೆಳಕಿನ ದಿಕ್ಕನ್ನು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತವೆ. ಮಳೆಗಾಲದಲ್ಲಿ ಉಕ್ಕುವ ನದಿಯ ಅಂಚಿಗೆ ಕ್ಯಾಮೆರಾ ಹಿಡಿದು ಇಳಿಯುವ ಸಾಹಸ ಬೇಡ.

ಹರಿಹರೇಶ್ವರ ದೇವಾಲಯ: 1223-24ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಈ ಗುಡಿಯ ಕಡೆದ ಕಂಬಗಳ ಮಂಟಪ ಮಂದ ಬೆಳಕಿನ ಪಾಠಕ್ಕೆ ಹೇಳಿಮಾಡಿಸಿದ್ದು. 18-55 ಮಿ.ಮೀ. ಲೆನ್ಸ್ ಅನ್ನು 18ಕ್ಕೆ ಇಟ್ಟು, ಎಫ್/3.5, 1/30 ಸೆಕೆಂಡು, ಐಎಸ್‌ಒ 1600ರಿಂದ ಆರಂಭಿಸಿ. ಫ್ಲಾಶ್ ಹೊಡೆದರೆ ಕಂಬದ ಹೊಳಪೂ ನೆರಳೂ ಒಟ್ಟಿಗೆ ಸಾಯುತ್ತವೆ. ಗರ್ಭಗುಡಿಯ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳುವುದು ಸೌಜನ್ಯ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಕೆಗೆ ಮುಂಚಿತವಾಗಿ ಅನುಮತಿ ಬೇಕು ಎಂಬುದೂ ನೆನಪಿರಲಿ.

ಮಂಡಕ್ಕಿ ಭಟ್ಟಿ: ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಕ್ಯಾಮೆರಾದ ಬೆಳಕಿನ ಮಾಪಕ ಹೇಗೆ ಮೋಸಹೋಗುತ್ತದೆ ಎಂಬುದನ್ನು ತೋರಿಸುತ್ತವೆ. ಎದುರಿನ ದೃಶ್ಯ ಸರಾಸರಿ ಬೂದು ಬಣ್ಣದ್ದು ಎಂದು ಮಾಪಕ ಭಾವಿಸುತ್ತದೆ. ಹೀಗಾಗಿ ಬಿಳಿ ಮಂಡಕ್ಕಿಯ ರಾಶಿ ಚಿತ್ರದಲ್ಲಿ ಮಾಸಿದಂತೆ ಕಾಣುತ್ತದೆ. ಹೊಗೆಗೆ ಕಪ್ಪಾದ ಗೋಡೆ ಬೆಳ್ಳಗಾಗುತ್ತದೆ. ಧನ-ಋಣ ಗುರುತಿನ ಗುಂಡಿಯಿಂದ ರಾಶಿಗೆ +1, ಗೋಡೆಗೆ -1 ಕೊಟ್ಟು ಸರಿಪಡಿಸಬೇಕು. ಕಾರ್ಮಿಕರು ಬಿಸಿ ಮರಳಿನೆದುರು ದುಡಿಯುತ್ತಿರುತ್ತಾರೆ. ಅವರನ್ನು ಕೇಳದೆ ಚಿತ್ರ ತೆಗೆಯಬಾರದು. ತೆಗೆದ ಮೇಲೆ ಒಂದು ಪ್ರತಿ ಕೊಟ್ಟರೆ ಮುಂದಿನ ಬಾರಿ ಅವರೇ ಕರೆಯುತ್ತಾರೆ.

ಹಕ್ಕಿ, ಕೃಷ್ಣಮೃಗ: ದಾವಣಗೆರೆಯ ಕುಂದವಾಡ ಕೆರೆ, ಹರಿಹರದ ಬಳಿಯ ಕೊಂಡಜ್ಜಿ ಕೆರೆ ಹಾಗೂ ನದಿಯಾಚೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ 18-55 ಸಾಲದು. 70-300 ಮಿ.ಮೀ. ಲೆನ್ಸ್ ಬೇಕು. ಅದನ್ನು 300ರಲ್ಲಿ ಕೈಯಲ್ಲೇ ಹಿಡಿದಾಗ ಶಟರ್ ವೇಗ 1/500ಕ್ಕಿಂತ ಕೆಳಗಿಳಿಯದಿರಲಿ. ಗೂಡಿನ ಬಳಿ ಹೋಗುವುದು, ಚಿತ್ರಕ್ಕಾಗಿ ಪ್ರಾಣಿಯನ್ನು ಓಡಿಸುವುದು ಸಲ್ಲದು.

ಕರ್ನಾಟಕಕ್ಕೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಾಹಿತಿ ಪೂರ್ಣಚಂದ್ರ ತೇಜಸ್ವಿ ಮುಂತಾದವರು ಫಿಲ್ಮ್ ಕಾಲದಲ್ಲಿ ಪಳಗಿದವರು. ಒಂದು ಸುರುಳಿಗೆ 36 ಚಿತ್ರ. ಫಲಿತಾಂಶ ತಿಳಿಯಲು ಸಂಸ್ಕರಣೆಯವರೆಗೆ ಕಾಯಬೇಕು. ಇಂದಿನ ಅಭ್ಯಾಸಿ ಕೂಡ ವಾರಕ್ಕೊಮ್ಮೆ 36 ಚಿತ್ರಗಳ ಮಿತಿ ಹಾಕಿಕೊಂಡು ಹೊರಟರೆ ಗುಂಡಿ ಒತ್ತುವ ಮುನ್ನ ಯೋಚಿಸುವುದನ್ನು ಕಲಿಯುತ್ತಾನೆ. ಜೊತೆಗಾರರು ಬೇಕೆನಿಸಿದರೆ ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಹವ್ಯಾಸಿ ಸಂಘಗಳಿವೆ.

ಪಾಲನೆ

ಮಳೆಗಾಲದ ತೇವ ಲೆನ್ಸ್‌ನ ಮೊದಲ ಶತ್ರು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಸುಲಭ ಪರಿಹಾರ. ನುಸಿಗುಳಿಗೆ ಹಾಕಿದ ಬಟ್ಟೆಯ ಬೀರುವಿನಲ್ಲಿ ಕ್ಯಾಮೆರಾ ಇಡಬಾರದು. ಭತ್ತದ ಒಕ್ಕಣೆಯ ದಿನಗಳಲ್ಲಿ ಹೊರಗೆ ಲೆನ್ಸ್ ಬದಲಿಸಿದರೆ ಧೂಳು ನೇರ ಒಳಗೆ. ಅನಿವಾರ್ಯವಾದರೆ ಕ್ಯಾಮೆರಾದ ಬಾಯಿಯನ್ನು ನೆಲದತ್ತ ತಿರುಗಿಸಿ ಬೇಗ ಮುಗಿಸಿ. ಬಾಯಿಂದ ಊದದೆ ರಬ್ಬರಿನ ಗಾಳಿಬುರುಡೆ ಬಳಸಿ. ಚಿತ್ರಗಳ ಎರಡನೆಯ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇಡುವುದು ಕಡ್ಡಾಯ.

ಸಾಲ ಮಾಡಿ ಕೊಳ್ಳಬೇಕೇ?

ಮದುವೆ ಚಿತ್ರಗಳಿಂದ ಸಂಪಾದಿಸುವ ಆಸೆಯಿಂದ ಕಂತಿನ ಮೇಲೆ ಕ್ಯಾಮೆರಾ ಕೊಳ್ಳಲು ಹೊರಟ ಯುವಕರು ಒಂದು ವಿಷಯ ಗಮನಿಸಬೇಕು. ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲಿ ಮೆಮೊರಿ ಕಾರ್ಡ್‌ಗೆ ಒಂದೇ ಸ್ಥಾನ. ಆ ಕಾರ್ಡ್ ಕೆಟ್ಟರೆ ಧಾರೆಯ ಮುಹೂರ್ತ ಮತ್ತೆ ಬರುವುದಿಲ್ಲ. ಅದಕ್ಕಾಗಿಯೇ ವೃತ್ತಿಪರರು ಎರಡು ಕಾರ್ಡ್‌ಗಳ ಕ್ಯಾಮೆರಾವನ್ನೂ, ಜೊತೆಗೆ ಇನ್ನೊಂದು ಕ್ಯಾಮೆರಾವನ್ನೂ ಇಟ್ಟುಕೊಳ್ಳುತ್ತಾರೆ. ಮೊದಲು ಬಳಸಿದ ಕ್ಯಾಮೆರಾದಲ್ಲಿ ಒಂದು ವರ್ಷ ಕಲಿತು, ಅನುಭವಿ ಛಾಯಾಗ್ರಾಹಕರ ಬಳಿ ಸಹಾಯಕನಾಗಿ ಕೆಲವು ಮದುವೆ ನೋಡಿ, ನಂತರ ವೃತ್ತಿಯ ಉಪಕರಣಕ್ಕೆ ಹಣ ತೊಡಗಿಸುವುದು ಸುರಕ್ಷಿತ ಮಾರ್ಗ.

ಈಗಾಗಲೇ ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದವರಂತೂ ಹೊಸದರ ಬೆಲೆ ವಿಚಾರಿಸುವ ಮುನ್ನ ಅದರ ಬ್ಯಾಟರಿಯನ್ನು ಚಾರ್ಜ್‌ಗೆ ಇಡುವುದು ಒಳಿತು.