ಡ್ಯೂಕೋದಿಂದ ಕ್ಲಿಯರ್ ಕೋಟಿನವರೆಗೆ

ನಾನು ಕೆಲಸ ಕಲಿತ ಕಂಕನಾಡಿ ಕಡೆಯ ಗ್ಯಾರೇಜಿನಲ್ಲಿ ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಆದಷ್ಟು ಸ್ಪ್ರೇ ಗನ್ ಹಿಡಿಯುತ್ತಿರಲಿಲ್ಲ. ಟಿಂಕರಿಂಗ್ ನಡೆಯುತ್ತಿತ್ತು, ಪುಟ್ಟಿ ಹಾಕಿ ಉಜ್ಜುವುದು ನಡೆಯುತ್ತಿತ್ತು, ಬಣ್ಣ ಮಾತ್ರ ಬಿಸಿಲು ಕಂಡ ಮೇಲೆಯೇ. ಇದು ಪಂಚಾಂಗದ ಲೆಕ್ಕ ಅಲ್ಲ. ಆಗ ನಾವು ಹೊಡೆಯುತ್ತಿದ್ದ ಎನ್‌ಸಿ ಬಣ್ಣ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ, ಥಿನ್ನರ್ ಹಾರಿಹೋಗಿ ಒಣಗುವಂಥದ್ದು. ಥಿನ್ನರ್ ಹಾರುವಾಗ ತಗಡು ತಣ್ಣಗಾಗುತ್ತದೆ. ಮಂಗಳೂರಿನ ಮಳೆಗಾಲದ ಒದ್ದೆ ಗಾಳಿಯ ನೀರೆಲ್ಲ ಆ ತಣ್ಣನೆ ಬಣ್ಣದ ಮೇಲೆ ಕೂತು, ಕಪ್ಪು ಅಂಬಾಸಿಡರ್ ಬೆಳಗಾಗುವಷ್ಟರಲ್ಲಿ ಬೂದಿ ಬಳಿದುಕೊಂಡಂತೆ ಬೆಳ್ಳಗಾಗುತ್ತಿತ್ತು. ಅವಸರದ ಗಿರಾಕಿ ಬಂದರೆ ನಿಧಾನ ಒಣಗುವ ಥಿನ್ನರ್ ಬೆರೆಸಿ ಹೊಡೆಯಬೇಕು, ಇಲ್ಲವಾದರೆ ಕಾಯಬೇಕು.

ಈ ಎನ್‌ಸಿ ಬಣ್ಣ ಬರುವ ಮೊದಲು ಕಾರಿಗೂ ಕುದುರೆ ಸಾರೋಟಿಗೂ ಬಣ್ಣ ಬಳಿಯುವ ರೀತಿ ಒಂದೇ ಆಗಿತ್ತು. ಎಣ್ಣೆ, ವಾರ್ನಿಷ್ ಸೇರಿದ ಬಣ್ಣವನ್ನು ಕುಂಚದಲ್ಲಿ ಪದರದ ಮೇಲೆ ಪದರ ಬಳಿದು, ಒಣಗಲು ಬಿಟ್ಟು, ಉಜ್ಜಿ, ಮತ್ತೆ ಬಳಿಯಬೇಕು. ಒಂದು ಗಾಡಿ ಮುಗಿಯಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ 'ಡ್ಯೂಕೋ' ಬಣ್ಣವನ್ನು ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ಬಳಸಿದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಹೆಸರು ನಮ್ಮ ಗ್ಯಾರೇಜುಗಳಿಗೂ ಬಂತು. ಡಬ್ಬ ಯಾವ ಕಂಪನಿಯದ್ದಾದರೂ ಹಳಬರ ಬಾಯಲ್ಲಿ ಅದು ಡ್ಯೂಕೋವೇ.

ಸಿ.ಪಿ.ಸಿ., ಶಂಕರ ವಿಠಲ್‌ನಂಥ ಕಂಪನಿಗಳ ಬಸ್ಸು ಓಡಿದ ಊರು ನಮ್ಮದು. ಬಸ್ಸಿಗೆ ಬಡಗಿ ಬೇಕು, ಟಿಂಕರ್ ಬೇಕು, ಪೇಂಟರ್ ಬೇಕು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಹೊತ್ತಿಗೆ ಬಸ್ಸು, ಟ್ಯಾಕ್ಸಿ, ಲಾರಿ ಎಲ್ಲಕ್ಕೂ ಹೊಸ ಬಣ್ಣ ಆಗಬೇಕು. ಹಾಗಾಗಿ ಈ ಕಸುಬಿಗೆ ಇಲ್ಲಿ ಅನ್ನದ ಕೊರತೆ ಇರಲಿಲ್ಲ. ಖಾಸಗಿ ಕಾರು ಬರುತ್ತಿದ್ದುದು ಡಾಕ್ಟರುಗಳದ್ದು, ವಕೀಲರದ್ದು, ಬಂದರಿನ ವ್ಯಾಪಾರಿಗಳದ್ದು. ಅವರಿಗೆ ಬೇಕಾದದ್ದು ಹೊಳಪು.

ಎನ್‌ಸಿ ಬಣ್ಣಕ್ಕೆ ಗನ್ನಿನಿಂದಲೇ ಹೊಳಪು ಬರುವುದಿಲ್ಲ. ಮಂಕಾಗಿ ಕೂರುತ್ತದೆ. ಅದನ್ನು ಹೊಳೆಯಿಸುವುದೇ ನಿಜವಾದ ಕೆಲಸ. ಮೊದಲು ಬಕೆಟ್ ನೀರಿನಲ್ಲಿ ಅದ್ದಿದ ವಾಟರ್ ಪೇಪರ್, ಆಮೇಲೆ ಕಾಂಪೌಂಡ್, ಕೊನೆಗೆ ಮೇಣದ ಪಾಲಿಶ್. ಎಲ್ಲವೂ ಕೈಯಲ್ಲೇ, ಬನಿಯನ್ ಬಟ್ಟೆಯಲ್ಲಿ. ಒಂದು ಬಾನೆಟ್ ಮುಗಿಯುವಷ್ಟರಲ್ಲಿ ಹೆಗಲು ಬಿದ್ದುಹೋಗುತ್ತಿತ್ತು. ಹೊಳಪು ನಿಲ್ಲುತ್ತಲೂ ಇರಲಿಲ್ಲ. ಬಿಸಿಲಿಗೂ ಕಡಲ ಗಾಳಿಗೂ ಮೇಲ್ಮೈ ಪುಡಿಪುಡಿಯಾಗಿ, ಮುಂದಿನ ನವರಾತ್ರಿಗೆ ಅದೇ ಕಾರು ಮತ್ತೆ ಬಾಗಿಲಲ್ಲಿ. ಆಯುಧಪೂಜೆಯ ಮುಂಚಿನ ವಾರ ನಮಗೆ ಊಟಕ್ಕೆ ಪುರುಸೊತ್ತಿರಲಿಲ್ಲ.

ಆದರೆ ಆ ಬಣ್ಣದಲ್ಲಿ ಒಂದು ಒಳ್ಳೆಯ ಗುಣ ಇತ್ತು. ಎಷ್ಟು ಉಜ್ಜಿದ್ದೇವೆ ಎಂದು ಕೈಯಲ್ಲಿನ ಬಟ್ಟೆಯೇ ಹೇಳುತ್ತಿತ್ತು. ನೀಲಿ ಫಿಯೆಟ್ ಉಜ್ಜಿದರೆ ಬಟ್ಟೆ ನೀಲಿ, ಕಪ್ಪು ಅಂಬಾಸಿಡರ್ ಉಜ್ಜಿದರೆ ಕಪ್ಪು. ಬಟ್ಟೆ ಗಾಢವಾಗುತ್ತಿದ್ದರೆ ಮೇಸ್ತ್ರಿಯ ದನಿ ಏಳುತ್ತಿತ್ತು: "ಎಂತ ಮಾರಾಯ, ಹೊಳಪು ತರ್ಲಿಕ್ಕೆ ಹೇಳಿದ್ದಾ, ಬಣ್ಣ ತೆಗಿಲಿಕ್ಕೆ ಹೇಳಿದ್ದಾ?" ಬಣ್ಣವೂ ದಪ್ಪ. ಒಂದು ಮೂಲೆ ಸವೆದರೂ ಅದೇ ಬಣ್ಣ ಹೊಡೆದು ಉಜ್ಜಿದರೆ ಹೊಸದು ಹಳೆಯದರಲ್ಲಿ ಕರಗಿ ಒಂದಾಗುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಕೆಲವೇ ವರ್ಷಗಳಲ್ಲಿ ಬಿಜೈ, ಕದ್ರಿಯ ಮನೆಗಳಲ್ಲಿ ಬ್ಯಾಂಕ್ ನೌಕರರು, ಮಾಸ್ತರರು, ಗಲ್ಫಿನಿಂದ ಬಂದವರು ಕಾರು ಇಟ್ಟರು. ಹಿಂದೆಯೇ ಮೆಟಾಲಿಕ್ ಬಣ್ಣಗಳು ಬಂದವು. ಮೆಟಾಲಿಕ್‌ನಲ್ಲಿ ಬಣ್ಣದ ಪದರ ಬೇರೆ, ಅದರ ಮೇಲೆ ಕಾವಲಿಗೆ ಕೂರುವ ಬಣ್ಣವಿಲ್ಲದ ಕ್ಲಿಯರ್ ಕೋಟ್ ಬೇರೆ. ಕಂಪನಿಯಲ್ಲಿ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ ಈ ಪದರ ಮಳೆಗೆ, ಬಿಸಿಲಿಗೆ ಎನ್‌ಸಿಗಿಂತ ಎಷ್ಟೋ ಪಾಲು ಗಟ್ಟಿ. ಹೊಳಪೂ ವರ್ಷಾನುಗಟ್ಟಲೆ ನಿಲ್ಲುತ್ತದೆ. ಆದರೆ ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ದಿನಪತ್ರಿಕೆಯ ಹಾಳೆಗಿಂತ ತೆಳು. ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಮೇಸ್ತ್ರಿ ಬೈಯಲು ಗುರುತೇ ಇಲ್ಲ. ಎನ್‌ಸಿಯಲ್ಲಿ ಪಳಗಿದ ಕೈಗಳು ಉಣ್ಣೆ ಪ್ಯಾಡಿನ ರೋಟರಿ ಮಷೀನ್ ಹಿಡಿದಾಗ ಬಾನೆಟ್ಟಿನ ಅಂಚಿನಲ್ಲಿ ಕ್ಲಿಯರ್ ಹಾರಿಹೋದದ್ದನ್ನು ಊರಿನ ಹಲವು ಗ್ಯಾರೇಜುಗಳಲ್ಲಿ ಕಂಡಿದ್ದೇನೆ.

ಊರಿನ ಧೂಳೂ ಬದಲಾಯಿತು. ಮೊದಲು ಮುರಕಲ್ಲಿನ ಕೆಂಪು ಹುಡಿ ಮಾತ್ರ. ಪಣಂಬೂರಿನ ಬಂದರಿಗೆ ಬಳ್ಳಾರಿ, ಹೊಸಪೇಟೆ ಕಡೆಯಿಂದ ಅದಿರು ಲಾರಿಗಳು ಸಾಲುಸಾಲಾಗಿ ಇಳಿಯುತ್ತಿದ್ದ ಕಾಲದಲ್ಲಿ, ಕೂಳೂರು-ಬೈಕಂಪಾಡಿ ದಾರಿಯ ಬಿಳಿ ಕಾರುಗಳ ಮೈಮೇಲೆ ತೊಳೆದರೂ ಹೋಗದ ಕಂದು ಚುಕ್ಕೆ ಕಾಣುತ್ತಿತ್ತು. ಅದು ಕಬ್ಬಿಣದ ಕಣ, ಬಣ್ಣದಲ್ಲಿ ಕಚ್ಚಿ ಕೂತು ತುಕ್ಕು ಹಿಡಿಯುವಂಥದ್ದು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಅದು ಕಡಿಮೆಯಾಯಿತು. ಬ್ರೇಕಿನಿಂದ ಹಾರುವ ಕಬ್ಬಿಣ ಮಾತ್ರ ಎಲ್ಲ ಕಾರಿಗೂ ಉಂಟು. ಇನ್ನು ತುಂಬೆ ಅಣೆಕಟ್ಟಿನ ನೀರು ತಗ್ಗಿ 2019ರ ಬೇಸಗೆಯಲ್ಲಿ ನಗರಕ್ಕೆ ನೀರು ಸರದಿಯ ಮೇಲೆ ಬಂದಾಗ ಕಾರು ತೊಳೆಯುವವರು ಯಾರು? ಒಣ ಬಟ್ಟೆಯಲ್ಲಿ ಧೂಳು ಒರೆಸಿದರು. ಮರಳಿನ ಕಣ ಎಳೆದಾಡಿ, ಬಿಸಿಲಿಗೆ ಹಿಡಿದರೆ ಜೇಡನ ಬಲೆಯಂತೆ ಕಾಣುವ ಗೀರುಗಳು ಎದ್ದವು. ಈಗ ಜನ ಪೇಂಟ್ ಕರೆಕ್ಷನ್ ಎಂದು ಕರೆಯುವ ಕೆಲಸದ ಬಹುಪಾಲು ಈ ಗೀರುಗಳ ಸುತ್ತಲಿನದ್ದೇ.

ಗೀರು ಹೋಗುವುದೆಂದರೆ ಅದರ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರನ್ನು ಇಳಿಸುವುದು, ಬೇರೇನೂ ಅಲ್ಲ. ಅದಕ್ಕೇ ಈಗಿನ ಕೆಲಸಕ್ಕೆ ಹೆಗಲಿಗಿಂತ ಯೋಜನೆ ಹೆಚ್ಚು ಬೇಕು. ಮನೆಯಲ್ಲಿ ಮಾಡುವವರಿಗೆ ನಾನು ಹೇಳುವ ಕ್ರಮ ಇಷ್ಟು. ಕಾಲ: ಮಳೆ ನಿಂತು ದೀಪಾವಳಿ ಕಳೆದ ಮೇಲೆ. ಹೊತ್ತು: ಬೆಳಿಗ್ಗೆ, ಪೋರ್ಚಿನ ನೆರಳಿನಲ್ಲಿ, ತಗಡು ತಣ್ಣಗಿರುವಾಗ. ಮೊದಲು ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡು ತೊಳೆಯಿರಿ. ಆಮೇಲೆ ಕಬ್ಬಿಣ ಕರಗಿಸುವ ದ್ರಾವಣ, ನಂತರ ಕಚ್ಚಿಕೊಂಡ ಕೊಳೆ ಎತ್ತುವ ಕ್ಲೇ. ಕೈಯಾಡಿಸಿದರೆ ಗಾಜಿನಷ್ಟು ನುಣ್ಣಗೆ ಬರುವ ತನಕ ಮಷೀನ್ ಮುಟ್ಟಬೇಡಿ.

ಒಣಗಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಪ್ಯಾನೆಲ್ ಪ್ಯಾನೆಲ್ ನೋಡಿ. ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಕ್ಕಿದರೆ ಒಳ್ಳೆಯದು. ಕಂಪನಿ ಬಣ್ಣ ಒಟ್ಟು ಸುಮಾರು 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಅದಕ್ಕಿಂತ ತುಂಬ ಹೆಚ್ಚಿದ್ದರೆ ಆ ಪ್ಯಾನೆಲ್ ಎಲ್ಲೋ ಮತ್ತೆ ಬಣ್ಣ ಕಂಡಿದೆ, ಅಲ್ಲಿಗೆ ಬೇರೆ ಲೆಕ್ಕ. ಉಗುರು ಸಿಕ್ಕಿಕೊಳ್ಳುವ ಗೀರನ್ನು ಬಿಟ್ಟುಬಿಡಿ, ಅದು ಪಾಲಿಶಿನ ಕೆಲಸ ಅಲ್ಲ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿಗೂ ಪ್ಲಾಸ್ಟಿಕ್ ಪಟ್ಟಿಗೂ ಟೇಪ್ ಹಚ್ಚಿ.

ರೋಟರಿ ಬೇಡ, ತಿರುಗುತ್ತಲೇ ಓಲಾಡುವ ಡಿಎ ಮಷೀನ್ ಸಾಕು. ಬಾನೆಟ್ಟಿನಲ್ಲಿ ಒಂದೂವರೆ ಅಡಿ ಚೌಕದಲ್ಲಿ ಅತಿ ಸೌಮ್ಯ ಪಾಲಿಶ್, ಮೆತ್ತನೆ ಸ್ಪಂಜಿನಿಂದ ಶುರು ಮಾಡಿ. ಸ್ಪಿರಿಟ್ ಬೆರೆತ ನೀರಿನಲ್ಲಿ ಒರೆಸಿ ನೋಡಿ. ಪಾಲಿಶಿನ ಎಣ್ಣೆ ಗೀರು ಮುಚ್ಚಿ ಮೋಸ ಮಾಡುವುದುಂಟು. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಅಲ್ಲಿ ಗೆದ್ದ ಜೋಡಿಯನ್ನೇ ಇಡೀ ಕಾರಿಗೆ ಬಳಸಿ, ಕೊನೆಗೆ ಮೇಣ ಹಚ್ಚಿ. ದಿನಾ ಹಂಪನಕಟ್ಟೆಯಲ್ಲಿ ಪಾರ್ಕ್ ಮಾಡುವ ಕಾರಿಗೆ ನೂರಕ್ಕೆ ನೂರು ಗೀರು ತೆಗೆಯುವ ಹಟ ಬೇಡ. ಮುಕ್ಕಾಲು ಪಾಲು ಹೋದರೆ ಸಾಕು, ಉಳಿದ ಕ್ಲಿಯರ್ ಮುಂದಿನ ವರ್ಷಗಳಿಗೆ ಬೇಕು.

ಕೊನೆಯದಾಗಿ, ಒಂದು ನೋಟ್‌ಪುಸ್ತಕ ಇಡಿ: ಯಾವ ತಿಂಗಳು, ಯಾವ ಪ್ಯಾನೆಲ್, ಯಾವ ಪಾಲಿಶ್, ಮೀಟರ್ ತೋರಿಸಿದ್ದು ಎಷ್ಟು. ಕಾರು ಮಾರುವಾಗ ಆರ್‌ಸಿ ಜತೆ ಅದನ್ನೂ ಕೊಡಿ. ನೀವು ಎಷ್ಟು ಉಜ್ಜಿದ್ದೀರಿ ಎಂದು ಮುಂದಿನವನಿಗೆ ಕಾರು ನೋಡಿ ಗೊತ್ತಾಗುವುದಿಲ್ಲ.